ಗಾಳಿ ಪುಕ್ಕಟೆ ಎಂಬ ಸುಳ್ಳು

ಮುಳಬಾಗಿಲಿನಿಂದ ಸುಮಾರು ಹತ್ತು ಕಿಲೋಮೀಟರ್ ದೂರದ ಕುರುಡುಮಲೆಗೆ ‘ಕೂಡುಮಲೆ’ ಎಂಬುದೇ ಮೂಲ ಹೆಸರೆಂದೂ, ದೇವತೆಗಳು ಭೂಮಿಗಿಳಿದು ಒಂದುಗೂಡುತ್ತಿದ್ದ ತಾಣ ಅದೆಂದೂ ಐತಿಹ್ಯ ಹೇಳುತ್ತದೆ. ಹದಿಮೂರೂವರೆ ಅಡಿ ಎತ್ತರದ ಏಕಶಿಲೆಯ ಗಣಪತಿಯ ಮುಂದೆ ಕೈಮುಗಿದು ಹೊಸ ಕೆಲಸಕ್ಕೆ ತೊಡಗುವವರು ಇಂದಿಗೂ ಅಲ್ಲಿಗೆ ಬರುತ್ತಾರೆ. ಆ ಬೆಟ್ಟಸಾಲಿನ ಬುಡದ ಹಳ್ಳಿಗಳಲ್ಲಿ ಹಸುವೊಂದು ಬೆದೆಗೆ ಬಂದಾಗ ನಡೆಯುವ ಸಂಗತಿ ಮಾತ್ರ ಯಾವ ಐತಿಹ್ಯದಲ್ಲೂ ಇಲ್ಲ. ಕೃತಕ ಗರ್ಭಧಾರಣೆಯ ಕಾರ್ಯಕರ್ತ ಮೋಟಾರು ಬೈಕಿನಲ್ಲಿ ಬರುತ್ತಾನೆ. ಜೊತೆಗೆ ತಂದ ಲೋಹದ ಕಂಟೇನರಿನ ಮುಚ್ಚಳ ತೆಗೆದಾಗ ಬಿಳಿಯ ಹಬೆ ಉಕ್ಕಿ ಚೆಲ್ಲುತ್ತದೆ. ಸುತ್ತ ನೆರೆದ ಮಕ್ಕಳು ಅದನ್ನು ಹೊಗೆ ಎನ್ನುತ್ತಾರೆ. ಅದು ಹೊಗೆಯಲ್ಲ. ಸೊನ್ನೆಗಿಂತ 196 ಡಿಗ್ರಿ ಕೆಳಗೆ ಕುದಿಯುವ ದ್ರವ ಸಾರಜನಕದ ತಂಪಿಗೆ ಸುತ್ತಲಿನ ತೇವವೇ ಮಂಜಾಗುವ ಬಗೆ ಅದು. ಆ ದ್ರವದೊಳಗೆ ಮುಳುಗಿರುವ ಕಾಲು ಮಿಲಿಲೀಟರಿನ ನಳಿಕೆಯಲ್ಲಿ ಹೋರಿಯ ವೀರ್ಯ ಜೀವಂತವಾಗಿ ಕಾದಿರುತ್ತದೆ.

2001ರ ಫೆಬ್ರವರಿಯಲ್ಲಿ ಚಿನ್ನದ ಗಣಿಯ ಬಾಗಿಲು ಮುಚ್ಚಿದ ಬಳಿಕ, ಕೋಲಾರ ಸೀಮೆಯ ಸಣ್ಣ ರೈತನ ಮನೆಯಲ್ಲಿ ನಿತ್ಯವೂ ನಾಲ್ಕು ಕಾಸು ಓಡಾಡುತ್ತಿದ್ದರೆ ಅದಕ್ಕೆ ಹಾಲೇ ಮುಖ್ಯ ಕಾರಣ. ಆ ಹಾಲಿನ ಹಿಂದೆ ಹಸುವಿದೆ, ಹಸುವಿನ ಹಿಂದೆ ಹೆಸರಘಟ್ಟದಂಥ ಕೇಂದ್ರಗಳಲ್ಲಿ ಹೆಪ್ಪುಗಟ್ಟಿಸಿದ ವೀರ್ಯದ ನಳಿಕೆಯಿದೆ, ನಳಿಕೆಯ ಹಿಂದೆ ದ್ರವ ಸಾರಜನಕವಿದೆ. ದ್ರವ ಸಾರಜನಕ ಹೊರಬರುವುದು ವಾಯು ವಿಭಜನಾ ಸ್ಥಾವರದಿಂದ. ಆದ್ದರಿಂದ ಗಾಳಿಯನ್ನು ಸೀಳಿ ಮಾರುವ ಉದ್ದಿಮೆ ದೂರದ ಯಾವುದೋ ಉಕ್ಕಿನ ಊರಿನ ಸುದ್ದಿ ಎಂದು ಗ್ರಾಮೀಣ ಜನತೆ ತಿಳಿಯಬೇಕಾಗಿಲ್ಲ. ಅದು ಕೊಟ್ಟಿಗೆಯ ಬಾಗಿಲಿಗೇ ಬಂದಿದೆ. ಬರಬಾರದೆಂಬುದು ವಾದವಲ್ಲ. ಬಂದಿರುವುದರ ಲೆಕ್ಕ ಯಾರು ಬರೆಯುತ್ತಿದ್ದಾರೆ, ಯಾರ ಖಾತೆಗೆ ಬರೆಯುತ್ತಿದ್ದಾರೆ ಎಂಬುದೇ ಪ್ರಶ್ನೆ.

ಕಚ್ಚಾವಸ್ತು ಗಾಳಿಯಲ್ಲ

ಈ ಉದ್ದಿಮೆಯ ಪರವಾಗಿ ಆಡುವ ಮೊದಲ ಮಾತು ಬಲು ಆಕರ್ಷಕವಾಗಿದೆ: ಕಚ್ಚಾವಸ್ತು ಪುಕ್ಕಟೆ, ಹೊಗೆಗೊಳವೆ ಇಲ್ಲ, ಗಣಿ ಅಗೆಯಬೇಕಿಲ್ಲ, ತೆಗೆದುಕೊಂಡ ಗಾಳಿ ಕೊನೆಗೆ ಗಾಳಿಗೇ ಮರಳುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಒಣ ಗಾಳಿಯಲ್ಲಿ ನೂರಕ್ಕೆ 78ರಷ್ಟು ಸಾರಜನಕ, 21ರಷ್ಟು ಆಮ್ಲಜನಕ, ಒಂದಕ್ಕಿಂತ ತುಸು ಕಡಿಮೆ ಆರ್ಗಾನ್ ಇವೆ. ಸ್ಥಾವರವು ಗಾಳಿಯನ್ನು ಸುಮಾರು ಆರು ಪಟ್ಟು ಒತ್ತುತ್ತದೆ. ಒತ್ತಿದಾಗ ಹುಟ್ಟುವ ಕಾವನ್ನು ನೀರಿನಿಂದ ಕಳೆಯುತ್ತದೆ. ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಸೋಸಿ ತೆಗೆಯುತ್ತದೆ. ಬಳಿಕ ಗಾಳಿಯನ್ನು ಹಿಗ್ಗಿಸಿ ತಣಿಸಿ, ಎತ್ತರದ ಗೋಪುರದೊಳಗೆ ಭಟ್ಟಿ ಇಳಿಸುತ್ತದೆ. ಆಮ್ಲಜನಕ ಕುದಿಯುವುದು ಸೊನ್ನೆಗಿಂತ 183 ಡಿಗ್ರಿ ಕೆಳಗೆ, ಆರ್ಗಾನ್ 186ರಲ್ಲಿ, ಸಾರಜನಕ 196ರಲ್ಲಿ. ಈ ಹದಿಮೂರು ಡಿಗ್ರಿಗಳ ಅಂತರವೇ ಇಡೀ ವ್ಯಾಪಾರದ ಬಂಡವಾಳ.

ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಈ ವಿಧಾನದ ಮೊದಲ ಸ್ಥಾವರವನ್ನು ನಡೆಸಿ ತೋರಿಸಿದ್ದು 1902ರಲ್ಲಿ. ಅದೇ 1902ರಲ್ಲಿ ಶಿವನಸಮುದ್ರದ ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ಹರಿದು ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಎರಡಕ್ಕೂ ನೇರ ಸಂಬಂಧವಿಲ್ಲ, ಆದರೆ ಪಾಠ ಒಂದೇ. ಎಲ್ಲೋ ಬೀಳುವ ನೀರನ್ನು ತಂತಿಯ ಮೂಲಕ ಮತ್ತೆಲ್ಲೋ ಲಾಭವಾಗಿ ಪರಿವರ್ತಿಸಬಹುದೆಂಬುದನ್ನು ಆ ವರ್ಷ ಲೋಕ ಕಲಿಯಿತು. ಗಾಳಿ ಸೀಳುವ ಕಾರ್ಖಾನೆ ಆ ಪಾಠದ ಅತ್ಯಂತ ನಿಷ್ಠಾವಂತ ವಿದ್ಯಾರ್ಥಿ. ಅದರ ಕಚ್ಚಾವಸ್ತು ಗಾಳಿಯಲ್ಲ, ವಿದ್ಯುತ್ತು. ಅದರ ಎರಡನೆಯ ಕಚ್ಚಾವಸ್ತು ನೀರು. ಇವೆರಡೂ ಪುಕ್ಕಟೆಯಲ್ಲ. ಬರದ ಸೀಮೆಯಲ್ಲಂತೂ ಅಲ್ಲವೇ ಅಲ್ಲ.

ಲೆಕ್ಕ ಹಾಕುವುದು ಕಷ್ಟವೇನಲ್ಲ. ದಿನಕ್ಕೆ 100 ಟನ್ ದ್ರವ ಆಮ್ಲಜನಕ ತಯಾರಿಸಿ ಟ್ಯಾಂಕರಿನಲ್ಲಿ ಮಾರುವ ಸಾಧಾರಣ ಗಾತ್ರದ ಘಟಕವೊಂದನ್ನು ಊಹಿಸಿಕೊಳ್ಳಬಹುದು. ಟನ್ನಿಗೆ 600 ಯೂನಿಟ್ ವಿದ್ಯುತ್ತು ಎಂದು ಹಿಡಿದರೆ ದಿನಕ್ಕೆ 60,000 ಯೂನಿಟ್ ಆಯಿತು. ಐದು ಅಶ್ವಶಕ್ತಿಯ ಕೃಷಿ ಪಂಪೊಂದು ಏಳು ಗಂಟೆ ಓಡಿದರೆ ತಗಲುವುದು ಸುಮಾರು 26 ಯೂನಿಟ್. ಅಂದರೆ ಆ ಒಂದು ಘಟಕವು 2,300 ಪಂಪುಗಳ ದಿನದ ವಿದ್ಯುತ್ತನ್ನು ಕುಡಿಯುತ್ತದೆ. ಆ ವಿದ್ಯುತ್ತಿನ ಬಹುಪಾಲು ಕೊನೆಗೆ ಕಾವಾಗುತ್ತದೆ. ಕಾವನ್ನು ತಂಪುಗೋಪುರದ ಮೂಲಕ ನೀರಿಗೆ ಬಿಟ್ಟರೆ ಪ್ರತಿ ಯೂನಿಟ್ಟಿಗೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಹೋಗುತ್ತದೆ. ದಿನಕ್ಕೆ 90,000 ಲೀಟರ್! ಜಲಜೀವನ ಯೋಜನೆಯು ಗ್ರಾಮೀಣ ಭಾರತದ ಒಬ್ಬ ವ್ಯಕ್ತಿಗೆ ದಿನಕ್ಕೆ ಇಷ್ಟು ಸಾಕೆಂದು ನಿಗದಿ ಮಾಡಿದ 55 ಲೀಟರಿನ ಲೆಕ್ಕದಲ್ಲಿ ಇದು 1,600 ಜನರ ಪಾಲು, ಒಂದು ದೊಡ್ಡ ಹಳ್ಳಿಯ ಪಾಲು.

ಈ ನೀರು ಎಲ್ಲಿಂದ ಬರಬೇಕು? ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಪಾಲಾರ್ ಹೆಸರಿಗೆ ನದಿ, ನೋಟಕ್ಕೆ ಮರಳು. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಇಲ್ಲಿ ಸುದ್ದಿಯೇ ಅಲ್ಲ. ಜಿಲ್ಲೆಯ ತಾಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಳಿಂದ ಖಾಯಂ ಸದಸ್ಯರು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಬಿದ್ದಾಗ, ‘ಇನ್ನೂ ಒಂದು ಹಂತ ಶುದ್ಧ ಮಾಡಿ ಕೊಡಿ’ ಎಂದು ರೈತರು ಬೀದಿಗೂ ನ್ಯಾಯಾಲಯಕ್ಕೂ ಹೋಗಬೇಕಾಯಿತು. ನಗರದ ತ್ಯಾಜ್ಯಜಲಕ್ಕೂ ಕೈಯೊಡ್ಡಿದ ನೆಲ ಇದು. ಇಂಥ ನೆಲದಲ್ಲಿ ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳು ಬೆಳೆಯುತ್ತಿವೆ. ಲೋಹ ಕತ್ತರಿಸುವಲ್ಲಿ ಆಮ್ಲಜನಕ, ಬೆಸುಗೆಯಲ್ಲಿ ಆರ್ಗಾನ್, ಎಲೆಕ್ಟ್ರಾನಿಕ್ ಜೋಡಣೆಯಲ್ಲಿ ಶುದ್ಧ ಸಾರಜನಕ ಬೇಕಾಗುತ್ತವೆ. ಬೇಡಿಕೆ ಎಲ್ಲಿದೆಯೋ ಅಲ್ಲಿಗೆ ಸ್ಥಾವರ ಬರುವುದು ಈ ವ್ಯಾಪಾರದ ಸ್ವಭಾವ. ದ್ರವವನ್ನು ದೂರ ಸಾಗಿಸಿದಷ್ಟೂ ಲಾಭ ದಾರಿಯಲ್ಲಿ ಆವಿಯಾಗುತ್ತದೆ.

ಇನ್ನು ಪರಿಸರ ಆಡಳಿತದ ಮಾತು. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಉದ್ದಿಮೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದಾಗ, ಕಚ್ಚಾ ದ್ರವ ಆಮ್ಲಜನಕದಿಂದ ಒತ್ತಿದ ಆಮ್ಲಜನಕ ತಯಾರಿಸುವ ಕೆಲಸವನ್ನು ಬಿಳಿ ಪಟ್ಟಿಗೆ ಸೇರಿಸಿತು. ಸ್ಥಳದಲ್ಲಿ ಹೊಗೆ ಇಲ್ಲವಾದ್ದರಿಂದ ತಪ್ಪೇನೂ ಇಲ್ಲವೆನ್ನಬಹುದು. ತಪ್ಪಿರುವುದು ಅಳತೆಗೋಲಿನಲ್ಲಿ. ಚಿಮಣಿಯ ತುದಿಯನ್ನು ಮಾತ್ರ ನೋಡುವ ಅಳತೆಗೋಲಿಗೆ ರಾಯಚೂರಿನ ಬೂದಿಯೂ ಕಾಣದು, ಶರಾವತಿಯ ಮುಳುಗಡೆಯೂ ಕಾಣದು, ಕೋಲಾರದ ಬತ್ತಿದ ಕೊಳವೆಬಾವಿಯೂ ಕಾಣದು. ವಿದ್ಯುತ್ತನ್ನೇ ಕಚ್ಚಾವಸ್ತುವಾಗಿಸಿಕೊಂಡ ಉದ್ದಿಮೆಯ ಹೊಗೆ ಅದರ ಅಂಗಳದಲ್ಲಿ ಏಳುವುದಿಲ್ಲ, ಬೇರೆಯವರ ಅಂಗಳದಲ್ಲಿ ಏಳುತ್ತದೆ. ಮಲೆಸೀಮೆಯ ಜನ ಆ ‘ಬೇರೆಯವರು’ ಆಗಿ ಸಾಕಷ್ಟು ಕಾಲ ಬದುಕಿದ್ದಾರೆ.

ಸಾಲಿನಲ್ಲಿ ಮುಂದೆ ಯಾರು?

ವಿಭಜಿಸಿದ ಗಾಳಿ ಮಾರುಕಟ್ಟೆಗೆ ಮೂರು ದಾರಿಗಳಲ್ಲಿ ಸಾಗುತ್ತದೆ. ಉಕ್ಕಿನ ಕಾರ್ಖಾನೆಯಂಥ ದೈತ್ಯರ ಅಂಗಳದಲ್ಲೇ ಸ್ಥಾವರ ಕಟ್ಟಿ ಕೊಳವೆಯಲ್ಲಿ ಅನಿಲ ಕೊಡುವುದು ಮೊದಲನೆಯದು. ದ್ರವವನ್ನು ಟ್ಯಾಂಕರಿನಲ್ಲಿ ಒಯ್ಯುವುದು ಎರಡನೆಯದು. ಸಿಲಿಂಡರಿಗೆ ತುಂಬಿ ಬಿಡಿಯಾಗಿ ಮಾರುವುದು ಮೂರನೆಯದು. ಮೊದಲನೆಯದರಲ್ಲಿ ಹತ್ತಾರು ವರ್ಷಗಳ ಕರಾರು ಇರುತ್ತದೆ, ಬಳಸಿದರೂ ಬಳಸದಿದ್ದರೂ ಹಣ ಕೊಡಲೇಬೇಕೆಂಬ ಷರತ್ತು ಇರುತ್ತದೆ. ಹಳ್ಳಿಯ ಆಸ್ಪತ್ರೆ, ವೆಲ್ಡಿಂಗ್ ಅಂಗಡಿ, ಪಶುವೈದ್ಯ ಕೇಂದ್ರ ಇವೆಲ್ಲ ಮೂರನೆಯ ದಾರಿಯ ಕೊನೆಯ ತಿರುವಿನಲ್ಲಿ ನಿಂತಿವೆ. ಯಾರ ಕರಾರು ಉದ್ದವೋ ಅವರ ಸರದಿ ಮೊದಲು. ಬಡವನ ಉಸಿರಿಗೆ ಕರಾರು ಇಲ್ಲ.

ಬಳ್ಳಾರಿ ಸೀಮೆಯ ತೋರಣಗಲ್ಲು ಇದಕ್ಕೆ ಕರ್ನಾಟಕದ ದೊಡ್ಡ ಉದಾಹರಣೆ. ಜಿಂದಾಲರ ವಿಜಯನಗರ ಉಕ್ಕು ಸ್ಥಾವರ 1999 ಮತ್ತು 2001ರಲ್ಲಿ ಕೊರೆಕ್ಸ್ ಎಂಬ ವಿಧಾನದ ಎರಡು ಕುಲುಮೆಗಳನ್ನು ಆರಂಭಿಸಿತು. ಬಿಸಿಗಾಳಿಯ ಬದಲು ಶುದ್ಧ ಆಮ್ಲಜನಕವನ್ನೇ ಊದುವ ಈ ಕುಲುಮೆ, ಪ್ರತಿ ಟನ್ ಕಬ್ಬಿಣಕ್ಕೆ ಅರ್ಧ ಟನ್ನಿಗೂ ಹೆಚ್ಚು ಆಮ್ಲಜನಕವನ್ನು ಬೇಡುತ್ತದೆ. ಹೀಗಾಗಿ ದೇಶದ ಅತಿ ದೊಡ್ಡ ವಾಯು ವಿಭಜನಾ ಸ್ಥಾವರಗಳ ಗುಂಪುಗಳಲ್ಲೊಂದು ಬಯಲುಸೀಮೆಯ ಆ ಕೆಂಪು ಧೂಳಿನ ನಡುವೆ ಎದ್ದು ನಿಂತಿತು. ಅವುಗಳ ಹಿಂದೆ ಜಗತ್ತಿನ ಅನಿಲ ವ್ಯಾಪಾರವನ್ನು ಹಂಚಿಕೊಂಡ ಬೆರಳೆಣಿಕೆಯ ಕಂಪನಿಗಳಿದ್ದವು. 2018ರಲ್ಲಿ ಲಿಂಡೆ ಮತ್ತು ಪ್ರಾಕ್ಸೇರ್ ಎಂಬ ಎರಡು ದೈತ್ಯರು ಒಂದಾದಾಗ ಭಾರತದ ಸ್ಪರ್ಧಾ ಆಯೋಗವೇ ಮಧ್ಯೆ ಬಂದು, ಕೆಲವು ಸ್ಥಾವರಗಳನ್ನು ಬೇರೆಯವರಿಗೆ ಮಾರಬೇಕೆಂದು ಷರತ್ತು ವಿಧಿಸಬೇಕಾಯಿತು. ದಕ್ಷಿಣದಲ್ಲಿ ಲಿಂಡೆ ಇಂಡಿಯಾ ಬಿಟ್ಟುಕೊಟ್ಟ ವ್ಯವಹಾರ ಜಪಾನಿನ ಏರ್ ವಾಟರ್ ಕಂಪನಿಯ ಕೈಸೇರಿತು. ಗಾಳಿ ಎಲ್ಲರದು, ನಿಜ. ಗಾಳಿಯನ್ನು ಸೀಳುವ ಕತ್ತಿ ಮಾತ್ರ ಕೆಲವರದು.

ಈ ಏರ್ಪಾಟಿನ ಅರ್ಥ ನಾಡಿಗೆ ತಿಳಿದದ್ದು 2021ರ ಬೇಸಗೆಯಲ್ಲಿ. ಸೋಂಕಿಗೆ ಮೊದಲು ಇಡೀ ದೇಶದ ಆಸ್ಪತ್ರೆಗಳಿಗೆ ದಿನಕ್ಕೆ ಬೇಕಿದ್ದ ದ್ರವ ಆಮ್ಲಜನಕ ಸುಮಾರು 700 ಟನ್. ದೇಶದ ಉತ್ಪಾದನಾ ಸಾಮರ್ಥ್ಯ 7,000 ಟನ್ನಿಗೂ ಹೆಚ್ಚು. ಎರಡನೆಯ ಅಲೆಯಲ್ಲಿ ಆಸ್ಪತ್ರೆಗಳ ಬೇಡಿಕೆ 9,000 ಟನ್ನಿನ ಹತ್ತಿರಕ್ಕೆ ಏರಿತು. ಏಪ್ರಿಲ್ 22ರಿಂದ ಕೈಗಾರಿಕೆಗಳಿಗೆ ಆಮ್ಲಜನಕ ನಿಲ್ಲಿಸಲು ಕೇಂದ್ರ ಸರ್ಕಾರ ಆದೇಶಿಸಿತಾದರೂ, ಒಂಬತ್ತು ಬಗೆಯ ಉದ್ದಿಮೆಗಳಿಗೆ ವಿನಾಯಿತಿ ಕೊಟ್ಟಿತು. ಆ ಒಂಬತ್ತರಲ್ಲಿ ಉಕ್ಕೂ ಒಂದು. ಆ ತಿಂಗಳ ಕೊನೆಯಲ್ಲಿ ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ವ್ಯತ್ಯಯದಿಂದ ರೋಗಿಗಳು ತೀರಿಕೊಂಡರೆಂಬ ಆರೋಪ ಕೇಳಿಬಂದಿತು. ಮೇ 2ರ ರಾತ್ರಿ ಮತ್ತು 3ರ ಬೆಳಗಿನ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಸತ್ತರು. ಮೇ 5ರಂದು ಕರ್ನಾಟಕ ಹೈಕೋರ್ಟ್ ರಾಜ್ಯದ ಪಾಲನ್ನು ದಿನಕ್ಕೆ 965 ಟನ್ನಿನಿಂದ 1,200 ಟನ್ನಿಗೆ ಏರಿಸುವಂತೆ ಆದೇಶಿಸಿತು. ಕೇಂದ್ರ ಸರ್ಕಾರ ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ಎತ್ತಿಹಿಡಿಯಿತು. ಮೇ 11ರಂದು ಜಮ್‌ಶೆಡ್‌ಪುರದಿಂದ 120 ಟನ್ ಹೊತ್ತ ಮೊದಲ ರೈಲು ಬೆಂಗಳೂರಿನ ವೈಟ್‌ಫೀಲ್ಡಿಗೆ ಬಂದಿತು. ಅದೇ ವರ್ಷದ ಜುಲೈನಲ್ಲಿ ರಾಜ್ಯಸಭೆಗೆ ಸಿಕ್ಕ ಉತ್ತರ ಹೀಗಿತ್ತು: ಆಮ್ಲಜನಕದ ಕೊರತೆಯಿಂದಲೇ ಸತ್ತವರ ವಿವರವನ್ನು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಸತ್ತವರಿಗೆ ಕೊನೆಗೆ ಕಾಗದದಲ್ಲೂ ಉಸಿರು ಸಿಗಲಿಲ್ಲ.

ಇಲ್ಲಿ ಎದುರಾಳಿಯ ವಾದವನ್ನು ನ್ಯಾಯವಾಗಿ ಕೇಳಬೇಕು. ಉಕ್ಕಿನ ಕಾರ್ಖಾನೆಗಳು ಆ ದಿನಗಳಲ್ಲಿ ನೂರಾರು ಟನ್ ದ್ರವ ಆಮ್ಲಜನಕವನ್ನು ಆಸ್ಪತ್ರೆಗಳಿಗೆ ಕಳುಹಿಸಿದವು, ಅವಿಲ್ಲದಿದ್ದರೆ ಇನ್ನೂ ಹೆಚ್ಚು ಜನ ಸಾಯುತ್ತಿದ್ದರು. ಇದು ಸತ್ಯ. ಕೊಳವೆಯಲ್ಲಿ ಹರಿಯುವ ಅನಿಲವನ್ನು ಹಾಗೆಯೇ ಟ್ಯಾಂಕರಿಗೆ ತುಂಬಲಾಗದು, ಅದನ್ನು ದ್ರವ ಮಾಡುವ ಯಂತ್ರ ಬೇಕು, ಶೇಖರಿಸುವ ತೊಟ್ಟಿ ಬೇಕು, ಸಾಗಿಸುವ ವಾಹನ ಬೇಕು. ಇದೂ ಸತ್ಯ. ಆದರೆ ಈ ಎರಡನೆಯ ಸತ್ಯವೇ ಆ ಏರ್ಪಾಟಿನ ಮೇಲಿನ ದೋಷಾರೋಪ. ಸ್ಥಾವರಕ್ಕೆ ನೆಲ, ನೀರು, ವಿದ್ಯುತ್ತು ಮಂಜೂರು ಮಾಡಿದ ದಿನ, ‘ಆಪತ್ತಿನಲ್ಲಿ ಇಷ್ಟು ಟನ್ ದ್ರವವಾಗಿ ಕೊಡಬಲ್ಲ ಯಂತ್ರ ನಿನ್ನಲ್ಲಿರಬೇಕು, ಇಷ್ಟು ದಿನದ ಸಂಗ್ರಹ ಇರಬೇಕು’ ಎಂಬ ಷರತ್ತನ್ನು ಏಕೆ ಹಾಕಿರಲಿಲ್ಲ? ಸಾರ್ವಜನಿಕರ ಆಸ್ತಿಯನ್ನು ಪಡೆದ ಉದ್ದಿಮೆ ಆಪತ್ತಿನಲ್ಲಿ ಕೊಟ್ಟದ್ದನ್ನು ದಾನವೆಂದು ಹೊಗಳುವ ಸ್ಥಿತಿ ಏಕೆ ಬಂತು? ಹಕ್ಕಾಗಿ ಬರಬೇಕಾದದ್ದು ಉಪಕಾರವಾಗಿ ಬಂದಾಗಲೇ ಚಾಮರಾಜನಗರಗಳು ಸಂಭವಿಸುತ್ತವೆ. ತೋರಣಗಲ್ಲಿನಿಂದ ಚಾಮರಾಜನಗರಕ್ಕೆ 400 ಕಿಲೋಮೀಟರಿಗೂ ಹೆಚ್ಚು ದಾರಿ. ರೋಗಿಯ ಉಸಿರಿಗೂ ಆಮ್ಲಜನಕದ ತೊಟ್ಟಿಗೂ ನಡುವೆ ಅಷ್ಟು ದೂರವನ್ನು ಇರಗೊಟ್ಟದ್ದು ರೋಗಾಣುವಲ್ಲ, ಮಾರುಕಟ್ಟೆ.

ಬೆಲೆ ನಿಯಂತ್ರಣವೂ ಕೊನೆಯವನನ್ನು ಮುಟ್ಟಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ದ್ರವ ಆಮ್ಲಜನಕಕ್ಕೆ ಕಾರ್ಖಾನೆಯ ಬಾಗಿಲಲ್ಲಿ ಘನಮೀಟರಿಗೆ 15.22 ರೂಪಾಯಿ, ಸಿಲಿಂಡರಿಗೆ ತುಂಬಿದ್ದಕ್ಕೆ 25.71 ರೂಪಾಯಿ ಮಿತಿ ಹಾಕಿತು. ಸಾಗಣೆಯ ವೆಚ್ಚವನ್ನು ರಾಜ್ಯಗಳಿಗೆ ಬಿಟ್ಟಿತು. ಕಾರ್ಖಾನೆಯಿಂದ ದೂರವಿದ್ದಷ್ಟೂ ಉಸಿರು ದುಬಾರಿಯಾಗುವುದು ಇದರ ಸರಳ ಫಲ. ಬಳಿಕ ಪಿ.ಎಂ. ಕೇರ್ಸ್ ನಿಧಿಯಿಂದ ದೇಶದಾದ್ಯಂತ 1,200ಕ್ಕೂ ಹೆಚ್ಚು ಸಣ್ಣ ಆಮ್ಲಜನಕ ಘಟಕಗಳು ಆಸ್ಪತ್ರೆಗಳ ಅಂಗಳಕ್ಕೆ ಬಂದವು. ಜಿಯೋಲೈಟ್ ಎಂಬ ಖನಿಜದಿಂದ ಸಾರಜನಕವನ್ನು ಹೀರಿ, ನೂರಕ್ಕೆ 93ರ ಆಸುಪಾಸು ಶುದ್ಧತೆಯ ಆಮ್ಲಜನಕ ಕೊಡುವ ಈ ಘಟಕಗಳು ಒಳ್ಳೆಯ ಹೆಜ್ಜೆಯೇ. ಆದರೆ ಯಂತ್ರವೊಂದು ಉದ್ಘಾಟನೆಯ ಫಲಕದಿಂದ ಓಡುವುದಿಲ್ಲ. ಅದಕ್ಕೆ ತರಬೇತಾದ ನಿರ್ವಾಹಕ ಬೇಕು, ನಿಯತವಾಗಿ ಬದಲಿಸುವ ಸೋಸುಕ ಬೇಕು, ವಿದ್ಯುತ್ ಬಿಲ್ಲಿಗೆ ಅನುದಾನ ಬೇಕು. ಇವು ಮೂರೂ ಇಲ್ಲದೆಡೆ ಘಟಕ ತುಕ್ಕು ಹಿಡಿಯುತ್ತದೆ, ಆಸ್ಪತ್ರೆ ಮತ್ತೆ ಟ್ಯಾಂಕರಿನ ದಾರಿ ಕಾಯುತ್ತದೆ.

ಅಕ್ಕಡಿ ಸಾಲಿನ ಕಾರ್ಖಾನೆ

ಕುರುಡುಮಲೆಯ ಸುತ್ತಿನ ಹೊಲಗಳಲ್ಲಿ ಬಹು ಹಳೆಯದೊಂದು ವಾಯು ವಿಭಜನಾ ಸ್ಥಾವರವಿದೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತುವ ಅವರೆ, ತೊಗರಿ, ಅಲಸಂದೆಗಳ ಬೇರಿನ ಗಂಟುಗಳೇ ಅವು. ಅಲ್ಲಿನ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದು ಗಿಡದ ಆಹಾರವಾಗಿಸುತ್ತದೆ. ಆ ಕೆಲಸಕ್ಕೆ ಆಮ್ಲಜನಕ ಅಡ್ಡಿಯಾದ್ದರಿಂದ, ಗಂಟಿನೊಳಗಿನ ನೆತ್ತರಿನಂಥ ಕೆಂಪು ವರ್ಣದ್ರವ್ಯವೊಂದು ಅದನ್ನು ಹದಮೀರದಂತೆ ತಡೆಹಿಡಿಯುತ್ತದೆ. ಬಲಿತ ಗಂಟನ್ನು ಉಗುರಿನಿಂದ ಸೀಳಿದರೆ ಆ ಕೆಂಪು ಯಾರಿಗಾದರೂ ಕಾಣುತ್ತದೆ. ಇಲ್ಲಿ ಸೊನ್ನೆಗಿಂತ 196 ಡಿಗ್ರಿಯ ತಂಪಿಲ್ಲ, ಆರು ಪಟ್ಟು ಒತ್ತಡವಿಲ್ಲ. ಬಿಸಿಲಿನಿಂದ ಎಲೆ ಮಾಡಿದ ಸಕ್ಕರೆಯೇ ಇಂಧನ.

ಅವರೆಯ ಬೇರು ಆಸ್ಪತ್ರೆಗೆ ಆಮ್ಲಜನಕ ಕೊಡದು, ವೀರ್ಯದ ನಳಿಕೆಯನ್ನು ಕಾಪಾಡದು. ಒಂದಕ್ಕೆ ಇನ್ನೊಂದು ಬದಲಿಯೆಂದು ಯಾರೂ ಹೇಳುತ್ತಿಲ್ಲ. ಆದರೆ ಲೆಕ್ಕ ಬರೆಯುವ ಬಗೆಯಲ್ಲಿ ಅದು ಪಾಠ ಹೇಳುತ್ತದೆ. ಗಿಡವು ಗಾಳಿಯನ್ನು ಪುಕ್ಕಟೆಯಾಗಿ ಪಡೆಯುವುದಿಲ್ಲ. ತಾನು ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಜೀವಾಣುವಿಗೆ ಕೊಟ್ಟು ಪಡೆಯುತ್ತದೆ. ಬೆಲೆ ಎಷ್ಟೋ ಅಷ್ಟನ್ನು ತಾನೇ ತೆರುತ್ತದೆ, ಪಕ್ಕದ ರಾಗಿಯ ಖಾತೆಗೆ ಬರೆಯುವುದಿಲ್ಲ. ಬದಲಿಗೆ ಮುಂದಿನ ಬೆಳೆಗೆ ಮಣ್ಣಿನಲ್ಲಿ ತುಸು ಉಳಿಸಿ ಹೋಗುತ್ತದೆ. ಉದ್ದಿಮೆ ಅವರೆ ಗಿಡದಷ್ಟು ಪ್ರಾಮಾಣಿಕವಾಗಲಿ ಎಂಬುದು ಅತಿಯಾದ ಬೇಡಿಕೆಯೇ?

ಈ ಪ್ರಶ್ನೆ ಮುಂದೆ ಇನ್ನಷ್ಟು ದೊಡ್ಡದಾಗಲಿದೆ. 2030ರ ಹೊತ್ತಿಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲವಾಗಿಸುವ ಗುರಿಯನ್ನು ಕೇಂದ್ರ ಸರ್ಕಾರ ಹಾಕಿಕೊಂಡಿದೆ. ಹಾಗೆ ಅನಿಲವಾಗಿಸುವ ದೊಡ್ಡ ಸ್ಥಾವರಗಳಿಗೆ ಸಾಮಾನ್ಯವಾಗಿ ಶುದ್ಧ ಆಮ್ಲಜನಕ ಬೇಕು, ಅಂದರೆ ಅವುಗಳ ಪಕ್ಕದಲ್ಲಿ ಗಾಳಿ ಸೀಳುವ ಸ್ಥಾವರ ಬೇಕು. ಉಕ್ಕಿನ ಸಾಮರ್ಥ್ಯ ಏರುತ್ತಿದೆ, ಎಲೆಕ್ಟ್ರಾನಿಕ್ ಕಾರ್ಖಾನೆಗಳು ಏರುತ್ತಿವೆ. ಅವಕ್ಕೆ ಬೇಕಾದ ವಿದ್ಯುತ್ತಿಗಾಗಿ ಇನ್ನೊಂದು ಕಣಿವೆಯನ್ನು, ಇನ್ನೊಂದು ಅಭಯಾರಣ್ಯವನ್ನು ಕೇಳುವ ಕಡತಗಳೂ ಏರುತ್ತವೆ.

ಕಾಡಿಗೂ ಈ ವ್ಯಾಪಾರಕ್ಕೂ ಇನ್ನೊಂದು ನಂಟಿದೆ. 1997ರ ಡಿಸೆಂಬರ್ 25ರಂದು ಮಲೇಷ್ಯಾದ ಸರವಾಕ್ ಪ್ರಾಂತ್ಯದ ಬಿಂಟುಲುವಿನಲ್ಲಿ ದೊಡ್ಡ ವಾಯು ವಿಭಜನಾ ಸ್ಥಾವರವೊಂದು ಸಿಡಿಯಿತು. ಆ ವರ್ಷದ ಕಾಡ್ಗಿಚ್ಚಿನ ಹೊಗೆಯ ಸೂಕ್ಷ್ಮ ಕಣಗಳು ಒಳಗೆ ಸೇರಿ ದ್ರವ ಆಮ್ಲಜನಕದ ಭಾಗದಲ್ಲಿ ಶೇಖರವಾದದ್ದು ಕಾರಣವೆಂದು ತನಿಖೆ ಹೇಳಿತು. ಗಾಳಿ ಪುಕ್ಕಟೆ ಎಂದುಕೊಂಡ ಉದ್ದಿಮೆಗೆ ಶುದ್ಧ ಗಾಳಿ ಎಷ್ಟು ಬೆಲೆಯುಳ್ಳದ್ದೆಂದು ಕಾಡೇ ತಿಳಿಸಿದ ಬಗೆ ಅದು. ಗಾಳಿಯನ್ನು ಸೋಸಿಡುವ ಬೆಟ್ಟಕ್ಕೆ, ಬೆಟ್ಟದ ಮರಕ್ಕೆ, ಮರ ಕಾಯುವ ಊರಿಗೆ ಈ ಮಾರುಕಟ್ಟೆ ಒಂದು ಕಾಸನ್ನೂ ಕೊಡುವುದಿಲ್ಲ.

ಕೇಳಬೇಕಾದದ್ದು

ಕಾರ್ಖಾನೆಯೇ ಬೇಡ ಎಂಬುದು ಸುಲಭದ ಘೋಷಣೆ, ಆದರೆ ಹಸು ಸಾಕುವವನಿಗೂ ಐಸಿಯು ಮುಂದೆ ಕೂತವನಿಗೂ ಅದರಿಂದ ಉಪಯೋಗವಿಲ್ಲ. ಕೇಳಬೇಕಾದದ್ದು ನಿಖರವಾಗಿರಬೇಕು.

ಒಂದು, ಹೊಸದಾಗಿ ಬರುವ ಪ್ರತಿ ವಾಯು ವಿಭಜನಾ ಸ್ಥಾವರದ ಅರ್ಜಿಯಲ್ಲಿ ದಿನದ ವಿದ್ಯುತ್ತು ಮತ್ತು ನೀರಿನ ಲೆಕ್ಕವನ್ನು ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಓದಬೇಕು. ಬಿಳಿ, ಹಸಿರು ಎಂಬ ಬಣ್ಣದ ಮರೆಯಲ್ಲಿ ಅದು ಅಡಗಬಾರದು.

ಎರಡು, ಅಂತರ್ಜಲದ ಅತಿಬಳಕೆಯ ತಾಲೂಕುಗಳಲ್ಲಿ ತಂಪುಗೋಪುರಕ್ಕೆ ಕೊಳವೆಬಾವಿಯ ಒಂದು ಹನಿಯನ್ನೂ ಕೊಡಬಾರದು. ಕೈಗಾರಿಕಾ ಪ್ರದೇಶದ ಮತ್ತು ಪಟ್ಟಣದ ಕೊಳಚೆಯನ್ನು ಮೂರನೆಯ ಹಂತದವರೆಗೆ ಶುದ್ಧಗೊಳಿಸಿ ಬಳಸಲಿ. ಕೆರೆಗೆ ಹರಿಯುವ ಪಾಲಿಗೆ ಕೈಹಾಕದಿರಲಿ.

ಮೂರು, ದೊಡ್ಡ ಸ್ಥಾವರಗಳು ಉತ್ಪಾದನೆಯ ನಿಗದಿತ ಪಾಲನ್ನು ದ್ರವವಾಗಿಸುವ ಯಂತ್ರವನ್ನೂ, ಸಂಗ್ರಹದ ತೊಟ್ಟಿಯನ್ನೂ ಹೊಂದಿರುವುದು ಪರವಾನಗಿಯ ಷರತ್ತಾಗಲಿ. ಆಪತ್ತಿನಲ್ಲಿ ಯಾರ ಸರದಿ ಮೊದಲು ಎಂಬುದು ಆದೇಶಕ್ಕೆ ಕಾಯದೆ ಕಾನೂನಿನಲ್ಲೇ ಇರಲಿ.

ನಾಲ್ಕು, ಪ್ರತಿ ತಾಲೂಕು ಆಸ್ಪತ್ರೆಯ ಆಮ್ಲಜನಕ ಘಟಕ ಓಡುತ್ತಿದೆಯೇ, ನಿರ್ವಾಹಕನಿದ್ದಾನೆಯೇ ಎಂಬ ವಿವರ ಆಸ್ಪತ್ರೆಯ ಬಾಗಿಲ ಫಲಕದಲ್ಲಿ ತಿಂಗಳು ತಿಂಗಳೂ ಕಾಣಲಿ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ನಾಗರಿಕರು ಮಾಹಿತಿ ಹಕ್ಕಿನ ಒಂದು ಅರ್ಜಿಯಿಂದ ಇದನ್ನು ಇಂದೇ ಆರಂಭಿಸಬಹುದು.

ಐದು, ಪಶುಸಂಗೋಪನೆಗೆ ಬೇಕಾದ ದ್ರವ ಸಾರಜನಕದ ಪೂರೈಕೆಯನ್ನು ಆವಶ್ಯಕ ಸೇವೆಯಂತೆ ಕಾಪಾಡಲಿ. ಕಂಟೇನರು ಬರಿದಾದರೆ ಒಂದು ಬೆದೆ ತಪ್ಪುತ್ತದೆ, ಒಂದು ಬೆದೆ ತಪ್ಪಿದರೆ ಮೂರು ವಾರ ಹೋಗುತ್ತದೆ. ಎರಡು ಹಸುವಿನ ಮನೆಗೆ ಅದು ಸಣ್ಣ ನಷ್ಟವಲ್ಲ.

ಮುಂದಿನ ಬಾರಿ ಕೊಟ್ಟಿಗೆಯಲ್ಲಿ ಕಂಟೇನರಿನ ಮುಚ್ಚಳ ತೆರೆದಾಗ ಉಕ್ಕುವ ಬಿಳಿಯ ಹಬೆ ಕ್ಷಣದಲ್ಲಿ ಕರಗಿ ಕುರುಡುಮಲೆಯ ಗಾಳಿಯೊಂದಿಗೆ ಒಂದಾಗುತ್ತದೆ. ಅಲ್ಲಿಂದ ಬಂದದ್ದು ಅಲ್ಲಿಗೇ ಮರಳುತ್ತದೆ. ಅದನ್ನು ಸೀಳಲು ಸುರಿದ ನೀರು, ಉರಿಸಿದ ಕಲ್ಲಿದ್ದಲು, ಮುಳುಗಿಸಿದ ಕಣಿವೆ ಮಾತ್ರ ಮರಳುವುದಿಲ್ಲ. ಆ ಲೆಕ್ಕವನ್ನು ಕಂಪನಿಯೂ ಬರೆಯದಿದ್ದರೆ, ಸರ್ಕಾರವೂ ಕೇಳದಿದ್ದರೆ, ಅದನ್ನು ಬರೆಯುವ ಹೊಣೆ ಬೆಟ್ಟದ ಬುಡದ ಊರುಗಳದ್ದೇ.